ಅವ್ವನ ಕೌದಿಗೆ ರೇಟ್ ಎಷ್ಟು?

‘ಬ್ಯಾಟಿಂಗ್ ಯಾವುದು ಹಾಕಿದ್ರಿ?’ ಅಂತ ಯಾರಾದರೂ ಕೇಳಿದರೆ ನಮ್ಮ ವಯಸ್ಸಿನವರ ತಲೆಗೆ ಮೊದಲು ಬರುವುದು ಕೊಹ್ಲಿ. ಆದರೆ ಹಲಸೂರು ಕೆರೆಯ ಹತ್ತಿರದ ಒಂದು ಮನೆಯ ಮಹಡಿಯಲ್ಲಿ, ತಿಂಗಳ ಮೊದಲ ಭಾನುವಾರ, ಈ ಮಾತಿನ ಅರ್ಥವೇ ಬೇರೆ. ಕ್ವಿಲ್ಟ್‌ನ ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ನಡುವೆ ಹಾಸುವ ಹತ್ತಿಯ ಪದರವೇ ಬ್ಯಾಟಿಂಗ್. ನಮ್ಮೂರ ಕೌದಿಯಲ್ಲಿ ಆ ಜಾಗದಲ್ಲಿ ಇರುವುದು ಅಜ್ಜಿಯ ಹಳೆ ಸೀರೆ.

ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನವಳು. ಬಿ.ಕಾಂ. ಮುಗಿಸಿ, ಕೆಲಸ ಹುಡುಕುತ್ತಾ ಕೆ.ಆರ್. ಪುರದ ಪಿ.ಜಿ.ಯಲ್ಲಿದ್ದೇನೆ. ಅವ್ವ ಹೊಲಿದುಕೊಟ್ಟ ಕೌದಿಯನ್ನು ಟೆರೇಸ್ ಮೇಲೆ ಒಣಗಲು ಹಾಕಿದ್ದೆ. ಅದನ್ನು ನೋಡಿದ ಪಿ.ಜಿ. ಆಂಟಿ, ‘ನನ್ನ ಫ್ರೆಂಡ್ ಮನೇಲಿ ಇಂಥದ್ದು ಹೊಲಿಯೋರು ಸೇರ್ತಾರೆ, ಹೋಗಿ ಬಾ’ ಎಂದು ನಂಬರ್ ಕೊಟ್ಟರು. ಇಂಟರ್‌ವ್ಯೂ ಇಲ್ಲದ ಭಾನುವಾರ ರೂಮಿನಲ್ಲಿ ಕೂತು ಏನು ಮಾಡುವುದು? ಮೆಟ್ರೊ ಹತ್ತಿದೆ. 2023ರ ಅಕ್ಟೋಬರ್‌ನಲ್ಲಿ ಕೆ.ಆರ್. ಪುರ–ಬೈಯಪ್ಪನಹಳ್ಳಿ ನಡುವಿನ ಸಣ್ಣ ತುಂಡು ಸೇರಿದ ಮೇಲೆ ನೇರಳೆ ಮಾರ್ಗದಲ್ಲಿ ನೇರವಾಗಿ ಹಲಸೂರಿಗೆ ಬಂದು ಇಳಿಯಬಹುದು. ಅದೂ ಒಂದು ತೇಪೆಯೇ ಅನ್ನಿ.

ಅಲ್ಲಿ ಸೇರುವವರು ಹತ್ತು–ಹನ್ನೆರಡು ಜನ. ಮನೆಯೊಡತಿ ನಿವೃತ್ತ ಟೀಚರ್. ಮನೆಮಾತು ತಮಿಳಾದರೂ ನನ್ನ ಉತ್ತರ ಕರ್ನಾಟಕದ ಕನ್ನಡವನ್ನು ಬಹಳ ಇಷ್ಟಪಟ್ಟು ಕೇಳುತ್ತಾರೆ. ಇಂದಿರಾನಗರದ ಸಾಫ್ಟ್‌ವೇರ್ ಅಕ್ಕ ಒಬ್ಬರು, ಮಲಯಾಳಿ ನರ್ಸ್ ಒಬ್ಬರು, ಇಬ್ಬರು ಕಾಲೇಜು ಹುಡುಗಿಯರು. ಗಂಡಸರೆಂದರೆ ಶಿವಾಜಿನಗರದ ಟೇಲರ್ ಚಾಚಾ ಒಬ್ಬರೇ. ಅಂಗಡಿಯಲ್ಲಿ ಉಳಿದ ಕಟ್ ಪೀಸ್‌ಗಳನ್ನು ಚೀಲದಲ್ಲಿ ತುಂಬಿ ತರುತ್ತಾರೆ. ಆ ಚೀಲ ನೆಲಕ್ಕೆ ಸುರಿದ ಕೂಡಲೇ ಎಲ್ಲರೂ ಮಕ್ಕಳಾಗುತ್ತಾರೆ.

ಮೊದಲ ಅರ್ಧ ಗಂಟೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಕೆಲಸ ಬಿಚ್ಚಿ ತೋರಿಸಬೇಕು. ಅರ್ಧಕ್ಕೇ ನಿಂತ ಕೆಲಸಕ್ಕೆ ಯು.ಎಫ್.ಒ. ಅಂತ ಹೆಸರು. ಹಾರುವ ತಟ್ಟೆಯಲ್ಲ, ಮುಗಿಯದ ವಸ್ತು ಎಂದರ್ಥ. ಜಗತ್ತಿನ ಎಲ್ಲ ಕಡೆ ಕ್ವಿಲ್ಟ್ ಮಾಡುವವರು ಇದೇ ಪದ ಬಳಸುತ್ತಾರಂತೆ. ಟೀಚರ್ ಹತ್ತಿರ ಅಂಥವು ಏಳಿವೆ. ಆಮೇಲೆ ಟೀ, ಖಾರಾ ಬಿಸ್ಕತ್ತು. ಆಮೇಲೆ ಜಗಳ.

ಜಗಳ ಅಂದರೆ ಹೊಲಿಗೆಯ ಜಗಳ. ಸಾಫ್ಟ್‌ವೇರ್ ಅಕ್ಕ ಕಲಿತದ್ದು ವಿಡಿಯೊ ನೋಡಿ, ವಿದೇಶಿ ಪದ್ಧತಿಯಲ್ಲಿ. ಚೌಕಗಳನ್ನು ರೋಟರಿ ಕಟರ್‌ನಿಂದ ಕತ್ತರಿಸಿ, ಕಾಲು ಇಂಚು ಬಿಟ್ಟು ಜೋಡಿಸಿ, ಪ್ರತಿ ಜೋಡಣೆಗೂ ಇಸ್ತ್ರಿ ಹಾಕಿ, ಮೇಲಿನ ಬಟ್ಟೆ ಪೂರ್ತಿ ಸಿದ್ಧವಾದ ಮೇಲೆ ಮೂರು ಪದರ ಸೇರಿಸಿ, ನಡುವಿನಿಂದ ಹೊರಕ್ಕೆ ಹೊಲಿಯುತ್ತಾರೆ. ಸುಕ್ಕು ಬಂದರೆ ಅಂಚಿನ ಕಡೆಗೆ ಸರಿದು ಹೋಗಲಿ ಎಂದು. ನಾನು ಅವ್ವ ಮಾಡುವುದನ್ನು ಹೇಳಿದೆ. ಮೊದಲು ನೆಲದ ಮೇಲೆ ಸೀರೆಗಳನ್ನು ಹಾಸಿ, ಕೈಯಿಂದ ಸವರಿ, ದೊಡ್ಡ ದೊಡ್ಡ ಹೊಲಿಗೆ ಹಾಕಿ ಹಿಡಿದಿಟ್ಟುಕೊಳ್ಳುತ್ತಾಳೆ. ಆಮೇಲೆ ಅಂಚಿನಿಂದ ಶುರು. ಒಂದು ಸುತ್ತು, ಅದರೊಳಗೆ ಇನ್ನೊಂದು ಸುತ್ತು, ಹೀಗೆ ನಡುವಿಗೆ ಬಂದು ಮುಗಿಸುತ್ತಾಳೆ. ಸ್ಕೇಲ್ ಇಲ್ಲ, ಸೀಮೆಸುಣ್ಣದ ಗೆರೆ ಇಲ್ಲ. ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರ.

‘ಒಳಗೆ ಬಂದ ಸುಕ್ಕು ಎಲ್ಲಿಗೆ ಹೋಗತ್ತೆ?’ ಅಂತ ಅಕ್ಕ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚಾಚಾ ನನ್ನ ಕೌದಿ ತಿರುವಿ ಹಿಂಬದಿ ನೋಡಿದರು. ‘ಬೇಟಾ, ಇದು ಎಲ್ಲಾ ತೊಳೆದು ತೊಳೆದು ಸತ್ತ ಬಟ್ಟೆ. ಎಳೆಯೋದೂ ಇಲ್ಲ, ಕುಗ್ಗೋದೂ ಇಲ್ಲ. ಸಣ್ಣ ಸುಕ್ಕು ಬಂದ್ರೆ ಹೊಲಿಗೆ ಒಳಗೇ ನುಂಗ್ತದೆ’ ಎಂದರು. ಹೊಸ ಬಟ್ಟೆಯನ್ನು ಹಳೆಯದರ ಜೊತೆ ಹೊಲಿಯಬಾರದು ಎಂದು ಅವ್ವ ಹೇಳುವುದಕ್ಕೂ ಕಾರಣ ಅದೇ. ಹೊಸದು ನೀರು ಕಂಡ ಕೂಡಲೇ ಕುಗ್ಗಿ, ಹಳೆಯದನ್ನು ಎಳೆದು ಹರಿಯುತ್ತದೆ. ನೀವು ಯಾರಾದರೂ ಶುರು ಮಾಡುವುದಿದ್ದರೆ ಇಷ್ಟು ನೆನಪಿಡಿ: ನಾಲ್ಕೈದು ಹಳೆ ಕಾಟನ್ ಸೀರೆ, ಗಟ್ಟಿ ದಾರ, ದಪ್ಪ ಸೂಜಿ ಸಾಕು. ಪಾಲಿಯೆಸ್ಟರ್ ಬೇಡ, ಅದು ಜಾರುತ್ತದೆ.

ಅಂಚಿನಿಂದ ಒಳಕ್ಕೆ ಹೊಲಿಯುವ ಕ್ರಮವನ್ನು ನೋಡಲು ದೇಶ ವಿದೇಶಗಳಿಂದ ಜನ ನಮ್ಮ ರಾಜ್ಯಕ್ಕೇ ಬಂದಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಅಲ್ಲೇ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗೆ ‘ಕವಂದಿ’ ಎನ್ನುತ್ತಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು ಇವರು. ಮೂಲೆಯಿಂದ ಶುರು ಮಾಡಿ, ತುಂಡುಗಳನ್ನು ಅಲ್ಲಲ್ಲೇ ಮಡಚಿ ಸೇರಿಸುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫುಲ’, ಅಂದರೆ ಹೂವು. ಫುಲ ಇಲ್ಲದ ಕವಂದಿ ಬೆತ್ತಲೆ ಇದ್ದಂತೆ ಎಂಬುದು ಅವರ ಮಾತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೊಲಿಗೆಯ ಬಗ್ಗೆ ಅಧ್ಯಯನ ಮಾಡಿದ್ದಾರೆ. 2011ರಲ್ಲಿ ಈ ಕೌದಿಗಳ ಪ್ರದರ್ಶನ ನ್ಯೂಯಾರ್ಕ್‌ನಲ್ಲಿ ನಡೆಯಿತು. ಗದಗದಿಂದ ಮುಂಡಗೋಡ ಎಷ್ಟು ದೂರ? ನ್ಯೂಯಾರ್ಕ್ ಎಷ್ಟು ದೂರ? ನಾನು ಎರಡನ್ನೂ ನೋಡಿಲ್ಲ.

ನಿಜವಾದ ವಿಷಯ ಶುರುವಾದದ್ದು ಮೂರನೇ ತಿಂಗಳು. ಇಂದಿರಾನಗರದ ಒಂದು ಅಂಗಡಿಯ ಗಾಜಿನ ಹಿಂದೆ ಕೌದಿ ನೇತುಹಾಕಿದ್ದರು. ಚೀಟಿಯಲ್ಲಿ ₹7,500. ‘ಹಳ್ಳಿ ಹೆಣ್ಣುಮಕ್ಕಳು ಕೈಯಿಂದ ಹೊಲಿದದ್ದು’ ಎಂದೂ ಬರೆದಿತ್ತು. ಯಾವ ಹಳ್ಳಿ, ಯಾವ ಹೆಣ್ಣುಮಗಳು? ಅದಿಲ್ಲ. ಫೋಟೊ ತೆಗೆದು ತಂದು ತೋರಿಸಿದೆ. ‘ನಿಮ್ಮಮ್ಮ ಎಷ್ಟು ತಗೋತಾರೆ?’ ಎಂದು ಟೀಚರ್ ಕೇಳಿದರು. ಏಳುನೂರು ಅಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಚಾಚಾ, ‘ಟೈಮ್ ಲೆಕ್ಕ ಹಾಕು’ ಅಂದರು.

ಬಿ.ಕಾಂ.ನಲ್ಲಿ ಕಾಸ್ಟಿಂಗ್ ಓದಿದ್ದು ಅಂತೂ ಉಪಯೋಗಕ್ಕೆ ಬಂತು. ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿ. ಅವ್ವ ಊಟವಾದ ಮೇಲೆ ದಿನಕ್ಕೆ ಮೂರು ಗಂಟೆ ಕೂರುತ್ತಾಳೆ. 18 ದಿನ ಹಿಡಿಯುತ್ತದೆ. ಒಟ್ಟು 54 ಗಂಟೆ. ದಾರಕ್ಕೆ ₹150. ಏಳುನೂರರಲ್ಲಿ ಅದನ್ನು ಕಳೆದರೆ ಗಂಟೆಗೆ ಹತ್ತು ರೂಪಾಯಿ ಚಿಲ್ಲರೆ. ಇಂದಿರಾನಗರದಲ್ಲಿ ಅಷ್ಟಕ್ಕೆ ಟೀ ಸಿಗುವುದಿಲ್ಲ. ಗಂಟೆಗೆ 50 ಇಟ್ಟರೆ ದಾರವೂ ಸೇರಿ ₹2,850. ‘ಅದೂ ಕಮ್ಮಿನೇ’ ಎಂದು ಸಾಫ್ಟ್‌ವೇರ್ ಅಕ್ಕ ಗಲಾಟೆ ಮಾಡಿದರು. ಅಂಗಡಿಗೆ ಬಾಡಿಗೆ, ಕರೆಂಟು, ಕೆಲಸದವರ ಸಂಬಳ ಇರುತ್ತದೆ, ಒಪ್ಪೋಣ. ಹೊಲಿದವಳಿಗೆ ಅದರಲ್ಲಿ ಎಷ್ಟು ಹೋಯಿತು ಎಂಬುದನ್ನಾದರೂ ಆ ಚೀಟಿಯಲ್ಲಿ ಬರೆಯಬಹುದಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ತಕರಾರಲ್ಲ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಅಲ್ಲಿನ ಕಪ್ಪು ಹೆಣ್ಣುಮಕ್ಕಳು ಹಳೆ ಕೆಲಸದ ಬಟ್ಟೆ, ಜೀನ್ಸ್ ತುಂಡುಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್‌ನ ದೊಡ್ಡ ಮ್ಯೂಸಿಯಂನಲ್ಲಿ ಪ್ರದರ್ಶನವಾದವು. 2006ರಲ್ಲಿ ಅಂಚೆ ಚೀಟಿಗಳ ಮೇಲೂ ಬಂದವು. ಮರುವರ್ಷವೇ ಆ ಹೆಣ್ಣುಮಕ್ಕಳಲ್ಲಿ ಕೆಲವರು ತಮಗೆ ಬರಬೇಕಾದ ದುಡ್ಡು ಬಂದಿಲ್ಲ ಎಂದು ಕೋರ್ಟಿಗೆ ಹೋದರು.

ಆ ರಾತ್ರಿ ಅವ್ವನಿಗೆ ಫೋನ್ ಮಾಡಿ ಲೆಕ್ಕ ಒಪ್ಪಿಸಿದೆ. ‘ಏಳೂವರಿ ಸಾವಿರಾ? ಅಷ್ಟ ರೊಕ್ಕದಾಗ ಒಂದ್ ಆಡ ಬರ್ತೈತಿ!’ ಎಂದು ನಕ್ಕಳು. ನೀನೂ ರೇಟ್ ಜಾಸ್ತಿ ಮಾಡು ಅಂದೆ. ನಗು ನಿಂತಿತು. ‘ಹ್ಯಾಂಗ್ ಕೇಳ್ಲೆವ್ವಾ? ಸೀರಿ ಅವ್ರದು, ಧೋತ್ರ ಅವ್ರದು. ನಂದೇನೈತಿ, ಕೈ ಅಷ್ಟ.’

ಅವಳ ಮಾತಿನಲ್ಲೂ ಹುರುಳಿದೆ. ಎದುರು ಮನೆಯ ಕಾಕೂ ತೀರಿಹೋದ ಅತ್ತೆಯ ಸೀರೆ ತಂದು, ಮೊಮ್ಮಗನ ತೊಟ್ಟಿಲಿಗೆ ಹೊಲಿದುಕೊಡು ಎಂದಾಗ ಗಂಟೆ ಲೆಕ್ಕ ಹಾಕಲು ಆಗುವುದಿಲ್ಲ. ದುಡ್ಡಿಲ್ಲದವರು ಜೋಳ ಕೊಡುತ್ತಾರೆ. ಆದರೆ ಹಾಗೆ ತರುವವರೂ ಈಗ ಕಡಿಮೆ. ಬೈಕಿನ ಮೇಲೆ ಬ್ಲಾಂಕೆಟ್ ಹೇರಿಕೊಂಡು ಬರುವವರು ಐದುನೂರಕ್ಕೆ ಒಂದು ಕೊಟ್ಟು ಹೋಗುತ್ತಾರೆ. ಮೊದಲು ದಸರೆಯ ಮುಂದೆ ಹಳ್ಳದ ದಂಡೆಯ ತುಂಬಾ ಒಗೆದ ಕೌದಿಗಳೇ ಇರುತ್ತಿದ್ದವು. ಕಳೆದ ವರ್ಷ ನಾಲ್ಕೋ ಐದೋ ಇದ್ದವು. ನಮ್ಮ ಓಣಿಯಲ್ಲಿ ಅವ್ವನ ನಂತರ ಸೂಜಿ ಹಿಡಿದವರು ಯಾರೂ ಇಲ್ಲ. ಗಂಟೆಗೆ ಹತ್ತು ರೂಪಾಯಿಗೆ ಯಾರು ಹಿಡಿದಾರು?

ಎರಡು ದಿನ ಬಿಟ್ಟು ಅವ್ವನೇ ಫೋನ್ ಮಾಡಿದಳು. ‘ಊರಾಗ ಊರಿನ ರೇಟ. ಬೆಂಗಳೂರಾಗ ನಿನ್ ರೇಟ ಹಚ್ಚಿ ನೋಡು.’ ನರ್ಸ್ ಅಕ್ಕ ಒಂದು ಕೌದಿ ಹೇಳಿದರು, ಚೌಕಾಸಿ ಮಾಡದೆ ₹2,850 ಕೊಟ್ಟರು. ದುಡ್ಡು ಬಂದಾಗ ಅವ್ವ ಸಾವಿರದ ಐನೂರು ಸಾಕು, ಉಳಿದದ್ದು ನೀನೇ ಇಟ್ಟುಕೋ ಅಂದಳು. ಇದರ ಮೇಲೆ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ಆ ಲೆಕ್ಕದ ಹಾಳೆಯನ್ನು ಎಕ್ಸೆಲ್‌ಗೆ ಹಾಕಿ ಗುಂಪಿನಲ್ಲಿ ಮಾರಾಟ ಮಾಡುವ ಇನ್ನೂ ಮೂವರಿಗೆ ಮಾಡಿಕೊಟ್ಟೆ. ಹೋದ ವಾರದ ಇಂಟರ್‌ವ್ಯೂನಲ್ಲಿ ‘ಕಾಸ್ಟಿಂಗ್ ಪ್ರಾಕ್ಟಿಕಲ್ ಆಗಿ ಮಾಡಿದ್ದೀರಾ?’ ಎಂದು ಕೇಳಿದರು. ಕೌದಿಯ ಹಾಳೆಯ ಬಗ್ಗೆ ಹೇಳಿದೆ. ಹತ್ತು ನಿಮಿಷ ಅದರ ಬಗ್ಗೆಯೇ ಪ್ರಶ್ನೆ ಕೇಳಿದರು. ಕೆಲಸದ ಸುದ್ದಿ ಇನ್ನೂ ಬಂದಿಲ್ಲ, ಅದು ಬೇರೆ ಮಾತು.

ಈಗ ಎರಡನೇ ಆರ್ಡರ್ ಬಂದಿದೆ. ಸಾಫ್ಟ್‌ವೇರ್ ಅಕ್ಕನ ಗೆಳತಿಗೆ ತಿಳಿ ಬಣ್ಣಗಳು ಮಾತ್ರ ಬೇಕಂತೆ. ‘ಕೆಂಪಿನ ಬಾಜೂಕ ಹಸರ ಇದ್ರ ಏನಾಗ್ತೈತಿ ಅವ್ರಿಗೆ?’ ಅಂತ ಅವ್ವನ ತಕರಾರು. ಅಂಥ ಬಣ್ಣದ ಹಳೆ ಸೀರೆ ನಮ್ಮೂರಲ್ಲಿ ಸಿಗುವುದಿಲ್ಲ. ಚಾಚಾ ತಮ್ಮ ಅಂಗಡಿಯಲ್ಲೂ ಗೆಳೆಯರ ಅಂಗಡಿಗಳಲ್ಲೂ ಹುಡುಕಿ ಎರಡು ಚೀಲ ಕಾಟನ್ ತುಂಡು ಕೂಡಿಸಿದ್ದಾರೆ. ಹೊಸ ಬಟ್ಟೆ, ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ ಎಂದು ಎರಡು ಸಲ ನೆನೆಸಿ ಒಣಗಿಸಿದ್ದೇನೆ. ಶನಿವಾರ ರಾತ್ರಿ ಗದಗ ಬಸ್ಸಿಗೆ ಅವನ್ನು ಹೊತ್ತುಕೊಂಡು ಹೋಗಬೇಕು. ಕಂಡಕ್ಟರ್ ಲಗೇಜ್ ಚಾರ್ಜ್ ಕೇಳದೆ ಬಿಡುವುದಿಲ್ಲ. ಹಾಳೆಯಲ್ಲಿ ಅದಕ್ಕೂ ಒಂದು ಸಾಲು ಬಿಟ್ಟಿದ್ದೇನೆ.