ರಂಧ್ರ ಉಳಿಸುವ ಬೆಂಕಿ

ಬೆಂಗಳೂರಿನ ತ್ಯಾಗರಾಜನಗರದ ಅಡ್ಡರಸ್ತೆಯೊಂದರ ಟ್ರಾನ್ಸ್‌ಫಾರ್ಮರ್ ಕಡೆ ಕತ್ತೆತ್ತಿ ನೋಡಿ. ತಂತಿ ಒಳಹೋಗುವ ಕಡೆ ಮೆರುಗಿನ ಪಿಂಗಾಣಿಯ ಇನ್ಸುಲೇಟರ್ ಇರುತ್ತದೆ. ವಿದ್ಯುತ್ತನ್ನು ತಡೆಯುವುದೇ ಅದರ ಕೆಲಸ. ಅದಕ್ಕಾಗಿ ಮೈಯೊಳಗಿನ ರಂಧ್ರಗಳೆಲ್ಲ ಮುಚ್ಚಿಹೋಗುವಂತೆ 1200 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಅದನ್ನು ಸುಡುತ್ತಾರೆ. ಬೆಂಗಳೂರಿಗೆ ಈ ವಿದ್ಯೆ ಹಳೆಯದು. ಟಾಟಾ ಇನ್‌ಸ್ಟಿಟ್ಯೂಟ್ ಬಳಿ ಮೈಸೂರು ಸಂಸ್ಥಾನ ಕಟ್ಟಿದ ಪಿಂಗಾಣಿ ಕಾರ್ಖಾನೆಯೇ ಮುಂದೆ ಬಿಎಚ್‌ಇಎಲ್ ಕೈಸೇರಿತು.

ವಿದ್ಯುತ್ ಹುಟ್ಟಿಸುವ ಸಿರಾಮಿಕ್ ಕೂಡ ಇದೆ. ಘನ ಆಕ್ಸೈಡ್ ಇಂಧನ ಕೋಶದಲ್ಲಿ ಗಾಳಿಯ ಆಮ್ಲಜನಕ ಅಯಾನುಗಳಾಗಿ ಜಿರ್ಕೋನಿಯಾ ಪದರವನ್ನು ದಾಟಿ, ಆನೋಡಿನಲ್ಲಿ ಹೈಡ್ರೋಜನ್ ಜೊತೆ ಸೇರಿ ನೀರಾಗುತ್ತದೆ. ಬಿಡುಗಡೆಯಾದ ಎಲೆಕ್ಟ್ರಾನುಗಳು ತಂತಿಗೆ ಹರಿಯುತ್ತವೆ. ಈ ಆನೋಡು ಲೋಹ-ಸಿರಾಮಿಕ್ ಬೆರಕೆ, ಅಂದರೆ ಸರ್ಮೆಟ್. ನಿಕಲ್ ಎಲೆಕ್ಟ್ರಾನುಗಳನ್ನೂ, ಯಿಟ್ರಿಯಾ ಬೆರೆಸಿದ ಜಿರ್ಕೋನಿಯಾ ಅಯಾನುಗಳನ್ನೂ, ರಂಧ್ರಗಳು ಅನಿಲವನ್ನೂ ಸಾಗಿಸುತ್ತವೆ. ಮೂರೂ ಸಂಧಿಸುವ ಅಂಚಿನಲ್ಲೇ ಕ್ರಿಯೆ ನಡೆಯುವುದು. ಜನರಲ್ ಎಲೆಕ್ಟ್ರಿಕ್‌ನ ಸ್ಪೇಸಿಲ್ ಈ ಬೆರಕೆಗೆ 1970ರಲ್ಲಿ ಪೇಟೆಂಟ್ ಪಡೆದರು.

ಇಲ್ಲಿ ರಂಧ್ರವೇ ಬಂಡವಾಳ. ಹಾಗಾಗಿ ಸುಡುವುದಕ್ಕಿಂತ ಎಲ್ಲಿ ನಿಲ್ಲಿಸಬೇಕೆಂಬುದೇ ಕಷ್ಟದ ವಿದ್ಯೆ. ನಿಕಲ್ ಆಕ್ಸೈಡ್ ಮತ್ತು ಜಿರ್ಕೋನಿಯಾ ಪುಡಿಗಳ ಹಸಿರು ಬಿಲ್ಲೆಯನ್ನು ಗಾಳಿಯಲ್ಲಿ ಸಾಮಾನ್ಯವಾಗಿ 1300ರಿಂದ 1400 ಡಿಗ್ರಿಯಲ್ಲಿ ಸುಡುತ್ತಾರೆ. ಶಾಖ ಸಾಲದಿದ್ದರೆ ಕಣಗಳು ಒಂದಕ್ಕೊಂದು ಬೆಸೆಯುವುದಿಲ್ಲ, ಪದರ ಕಳಚುತ್ತದೆ. ಹೆಚ್ಚಾದರೆ ಸಣ್ಣ ಕಣಗಳು ಕೂಡಿ ದಪ್ಪವಾಗುತ್ತವೆ, ರಂಧ್ರಗಳು ಮುಚ್ಚುತ್ತವೆ, ಸಂಧಿಯ ಅಂಚು ಕುಗ್ಗುತ್ತದೆ. ಒಟ್ಟಿಗೆ ಸುಟ್ಟ ಪದರಗಳು ಒಂದೇ ಸಮ ಕುಗ್ಗದಿದ್ದರೆ ಬಿಲ್ಲೆಯೇ ಬಾಗುತ್ತದೆ.

ಆಮೇಲೆ ಸುಮಾರು 800 ಡಿಗ್ರಿಯಲ್ಲಿ ಹೈಡ್ರೋಜನ್ ಹಾಯಿಸುತ್ತಾರೆ. ಆಕ್ಸೈಡಿನ ಆಮ್ಲಜನಕ ಕಳಚಿ, ಹಸಿರು ಬಿಲ್ಲೆ ಬೂದುಬಣ್ಣಕ್ಕೆ ತಿರುಗುತ್ತದೆ. ಆಕ್ಸೈಡು ಲೋಹವಾಗುವಾಗ ಅದರ ಗಾತ್ರ ಶೇ. 40ರಷ್ಟು ಇಳಿಯುತ್ತದೆ, ತೆರವಾದ ಜಾಗವೇ ಹೊಸ ರಂಧ್ರ. ಉಳಿದ ನಿಕಲ್ ಘನಭಾಗದಲ್ಲಿ ಸುಮಾರು ಶೇ. 30ರಷ್ಟಾದರೂ ಇರಬೇಕು, ಇಲ್ಲವಾದರೆ ಎಲೆಕ್ಟ್ರಾನುಗಳಿಗೆ ಅಖಂಡ ದಾರಿ ಸಿಗದು. ಬಿಸಿಯಾಗಿರುವಾಗ ಗಾಳಿ ನುಗ್ಗಿದರೆ ನಿಕಲ್ ಮತ್ತೆ ಉಬ್ಬಿ ಜಿರ್ಕೋನಿಯಾದ ಹಂದರವನ್ನೇ ಬಿರಿಸುತ್ತದೆ.

ನಿಕಲ್ ಕರಗುವುದು 1455 ಡಿಗ್ರಿಯಲ್ಲಿ. ಆದರೂ 800 ಡಿಗ್ರಿಯಲ್ಲಿ ವರ್ಷಗಟ್ಟಲೆ ದುಡಿಯುವ ಕೋಶದಲ್ಲಿ ಅದರ ಕಣಗಳು ಮೆಲ್ಲಗೆ ಒಗ್ಗೂಡುತ್ತಲೇ ಇರುತ್ತವೆ. ಅವನ್ನು ತಡೆದು ಹಿಡಿಯುವುದು ಮೊದಲ ಸುಡುವಿಕೆಯಲ್ಲಿ ಗಟ್ಟಿಯಾದ ಜಿರ್ಕೋನಿಯಾದ ಹಂದರ. ಆದ್ದರಿಂದ ಇಂಧನ ಕೋಶವನ್ನು ಮೊದಲ ದಿನ ಕೊಟ್ಟ ವಿದ್ಯುತ್ತಿನಿಂದಷ್ಟೇ ಅಳೆಯಬಾರದು. ಅದು ಎಷ್ಟು ಕಾಲ ಬಾಳುತ್ತದೆಂಬುದು ಬಹುಮಟ್ಟಿಗೆ ಕುಲುಮೆಯಲ್ಲೇ ತೀರ್ಮಾನವಾಗಿರುತ್ತದೆ.