ಗಂಟೆಯ ಸದ್ದಿಗೆ ಬೆಚ್ಚಿದ ಊರು

ಚಳಿಗಾಲದ ಊರನ್ನು ಜಲವರ್ಣದಲ್ಲಿ ಬರೆಯುವವರು ಸಾಮಾನ್ಯವಾಗಿ ಕಾಗದದ ಬಿಳಿಯನ್ನೇ ಹಿಮವೆಂದು ಉಳಿಸಿಕೊಂಡು, ಅಂಚಿಗೆ ಒಂದಿಷ್ಟು ನೀಲಿ ತಾಗಿಸಿ ಕೈ ತೊಳೆದುಕೊಳ್ಳುತ್ತಾರೆ. ನೋಡುವುದಕ್ಕೆ ಹಿತ, ಮರೆಯುವುದಕ್ಕೂ ಸುಲಭ. ಅಮೆರಿಕದ ಚಾರ್ಲ್ಸ್ ಬರ್ಚ್‌ಫೀಲ್ಡ್ (1893–1967) ಆ ಪೈಕಿ ಅಲ್ಲ.

1917ರಲ್ಲಿ ಆತ ಬರೆದ ‘ಚರ್ಚ್ ಬೆಲ್ಸ್ ರಿಂಗಿಂಗ್, ರೈನಿ ವಿಂಟರ್ ನೈಟ್’ ಚಿತ್ರದಲ್ಲಿ ಹಿಮದ ಸೊಬಗಿಲ್ಲ. ಕಪ್ಪು ರಾತ್ರಿ, ಜಡಿಮಳೆ. ಊರು ಒಹಾಯೊದ ಸೇಲಂ, ಆತ ಬೆಳೆದ ಜಾಗ. ಚರ್ಚಿನ ಗಂಟೆಗೋಪುರ ಕೊಕ್ಕು ಚಾಚಿದ ಹಕ್ಕಿಯ ತಲೆಯಂತೆ ಮನೆಗಳ ಮೇಲೆ ಬಗ್ಗಿದೆ. ಮನೆಗಳಿಗೂ ಮುಖ ಬಂದಿದೆ: ಕಿಟಕಿಗಳು ಕಣ್ಣು, ಬಾಗಿಲು ಬಾಯಿ. ಮಗುವಾಗಿದ್ದಾಗ ಬಿರುಮಳೆಯ ರಾತ್ರಿ ಗಂಟೆ ಕೇಳಿ ಆದ ಭಯವನ್ನು ಆತ ಇಪ್ಪತ್ತನಾಲ್ಕರ ಹರೆಯದಲ್ಲಿ ಕಾಗದಕ್ಕೆ ಇಳಿಸಿದ್ದು ಹೀಗೆ.

ಭಾವವನ್ನು ಬಣ್ಣದ ಪಾಲಿಗೇ ಬಿಟ್ಟು ಆತ ಸುಮ್ಮನಾಗಲಿಲ್ಲ. ಅದೇ ವರ್ಷ ಒಂದು ಸ್ಕೆಚ್ ಪುಸ್ತಕದಲ್ಲಿ ಮನಸ್ಸಿನ ಒಂದೊಂದು ಸ್ಥಿತಿಗೆ ಒಂದೊಂದು ಆಕಾರ ಗೊತ್ತುಮಾಡಿಕೊಂಡಿದ್ದ. ವಿಷಾದಕ್ಕೊಂದು, ಕೇಡಿನ ಸೆಳೆತಕ್ಕೊಂದು, ಮಂಕುತನಕ್ಕೊಂದು. ಭಯಕ್ಕೆ ಕೊಕ್ಕೆಯಂತೆ ಸುತ್ತಿಕೊಂಡ ಸುರುಳಿ. ಗೋಪುರದಲ್ಲಿ ಆ ಸುರುಳಿಯನ್ನು ಗುರುತಿಸಿದಿರೋ, ಗಂಟೆಯ ಸದ್ದು ಕಣ್ಣಿಗೇ ಕೇಳಿಸತೊಡಗುತ್ತದೆ. ಈ ಸಂಕೇತಗಳ ಪಟ್ಟಿ ಹಿಡಿದು ಚಿತ್ರವನ್ನು ಒಗಟಿನಂತೆ ಬಿಡಿಸುವ ವಿಮರ್ಶಕರಿದ್ದಾರೆ. ನನಗೇನೋ ಅದು ಅರ್ಧ ಓದು ಅನಿಸುತ್ತದೆ. ಉಳಿದರ್ಧ ಕಿಟಕಿಗಳೊಳಗಿದೆ: ಅಲ್ಲಿ ಮೇಣದಬತ್ತಿ ಉರಿಯುತ್ತಿದೆ, ಕ್ರಿಸ್‌ಮಸ್ ಮರ ನಿಂತಿದೆ. ಹೆದರಿಸುವುದೂ ಚರ್ಚು, ಧೈರ್ಯ ಹೇಳುವುದೂ ಅದರದೇ ಹಬ್ಬ. ಒಬ್ಬ ಹುಡುಗನ ನೆನಪಿನಲ್ಲಿ ಒಂದಿಡೀ ಸಮುದಾಯದ ನೆನಪು ಸಿಕ್ಕಿಕೊಂಡಿರುವುದು ಇಲ್ಲೇ.

1921ರಲ್ಲಿ ಆತ ಬಫಲೋ ನಗರಕ್ಕೆ ಹೋಗಿ ವಾಲ್‌ಪೇಪರ್ ಕಂಪನಿಯೊಂದರಲ್ಲಿ ವಿನ್ಯಾಸಕಾರನಾದ. 1929ರಲ್ಲಿ ಕೆಲಸ ಬಿಟ್ಟ. ಮರುವರ್ಷವೇ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆತನ 1916–18ರ ಜಲವರ್ಣಗಳ ಪ್ರದರ್ಶನ ನಡೆಸಿತು. ಆರ್ಥಿಕ ಮುಗ್ಗಟ್ಟಿನ ದಿನಗಳ ‘ಸಿಕ್ಸ್ ಓ ಕ್ಲಾಕ್’ (1936) ಚಿತ್ರದಲ್ಲಿ ಸುರುಳಿಗಳು ಮಾಯ. ಹಿಮ ಹೊದ್ದು ಸಾಲಾಗಿ ನಿಂತ ಒಂದೇ ನಮೂನೆಯ ಮನೆಗಳು. ಬೆಳಕಿರುವ ಕಿಟಕಿಯಲ್ಲಿ ಊಟಕ್ಕೆ ಕೂತ ಮನೆಮಂದಿ. ಇಲ್ಲಿ ಜಲವರ್ಣ ತೆಳುನೀರಿನದ್ದಲ್ಲ, ಪದರದ ಮೇಲೆ ಪದರ ಕೂರಿಸಿ ತೈಲವರ್ಣದಷ್ಟು ಭಾರ ತಂದಿದ್ದಾನೆ.

ಆತನ ಚಿತ್ರಗಳ ಜೊತೆ ದಿನಚರಿ ಪುಸ್ತಕಗಳನ್ನೂ ಬಫಲೋದ ಬರ್ಚ್‌ಫೀಲ್ಡ್ ಪೆನ್ನಿ ಆರ್ಟ್ ಸೆಂಟರ್ ಕಾಪಾಡಿಕೊಂಡು ಬಂದಿದೆ. ‘ಸಿಕ್ಸ್ ಓ ಕ್ಲಾಕ್’ ಇರುವುದು ಸಿರಾಕ್ಯೂಸಿನ ಎವರ್‌ಸನ್ ಮ್ಯೂಸಿಯಂನಲ್ಲಿ. ಗಂಟೆಗೋಪುರದ ಚಿತ್ರ ಕ್ಲೀವ್‌ಲ್ಯಾಂಡ್ ಮ್ಯೂಸಿಯಂ ಆಫ್ ಆರ್ಟ್‌ನದು. ಅಲ್ಲಿನ ಕಾಯಂ ಸಂಗ್ರಹ ನೋಡಲು ಟಿಕೆಟ್ ಬೇಕಿಲ್ಲ. ಆದರೆ ಜಲವರ್ಣ ಬೆಳಕಿಗೆ ಮಾಸುತ್ತದೆ, ವರ್ಷವಿಡೀ ಗೋಡೆಯ ಮೇಲೆ ಇಡುವಂತಿಲ್ಲ. ಆ ಕಡೆ ಮಕ್ಕಳ ಮನೆಗೆ ಹೋಗುವವರು ಮೊದಲೇ ವಿಚಾರಿಸಿಕೊಂಡು ಹೊರಡಿ.