ಚೀಲ ತುಂಬುವವರು ಯಾರು?

"ಒಂಬತ್ತನೇ ಕ್ಲಾಸಿಗೆ ಬಂದ್ರೂ ಅವನ ಚೀಲ ನಾನೇ ತುಂಬ್ಬೇಕು ಕಣ್ರೀ!" ಎಂದು ಪಕ್ಕದ ಮನೆಯಾಕೆ ಕಣ್ಣಲ್ಲಿ ನೀರು ತಂದುಕೊಂಡರು. ಹುಡುಗನ ಬುದ್ಧಿ ಬೆಳವಣಿಗೆ ತುಸು ನಿಧಾನ.

"ಚೀಲ ತುಂಬು" ಎಂಬುದು ನಮಗೆ ಒಂದೇ ಕೆಲಸ, ಅವನಿಗೆ ಹತ್ತು. ವೇಳಾಪಟ್ಟಿ ನೋಡಬೇಕು, ಪುಸ್ತಕ ಹುಡುಕಬೇಕು, ಊಟದ ಡಬ್ಬಿ ಇಡಬೇಕು, ಜಿಪ್ಪು ಎಳೆಯಬೇಕು. ವಿಶೇಷ ಶಿಕ್ಷಕರು ಇದನ್ನು ಬಿಡಿಬಿಡಿಯಾಗಿಸಿ, ಎಷ್ಟೋ ಸಲ ಕೊನೆಯಿಂದ ಕಲಿಸುತ್ತಾರೆ. ಮೊದಲ ವಾರ ಎಲ್ಲ ನೀವೇ ಇಡಿ, ಜಿಪ್ಪು ಮಾತ್ರ ಅವನು ಎಳೆಯಲಿ. ಆಮೇಲೆ ಡಬ್ಬಿಯೂ ಅವನದೇ. ಕೆಲಸ ಮುಗಿಸಿದ ಖುಷಿ ದಿನವೂ ಅವನಿಗೇ ಸಿಗುತ್ತದಲ್ಲ! ಪ್ರತಿ ವಿಷಯದ ಪುಸ್ತಕಕ್ಕೂ ಒಂದೊಂದು ಬಣ್ಣದ ಹೊದಿಕೆ ಹಾಕಿ. ವೇಳಾಪಟ್ಟಿಯಲ್ಲೂ ಅದೇ ಬಣ್ಣವಿರಲಿ.

ಜನರೊಡನೆ ಬೆರೆಯುವುದೂ ಹೀಗೇ. ಮನೆಯಲ್ಲಿ ನೀವೇ ಅಂಗಡಿಯವರಾಗಿ. "ಅರ್ಧ ಲೀಟರ್ ಹಾಲು ಕೊಡಿ" ಎಂದು ಕೇಳಿ, ಚಿಲ್ಲರೆಗೆ ಕಾದು ನಿಲ್ಲುವುದು ರೂಢಿಯಾಗಲಿ. ನಂತರ ನಿಜವಾದ ಅಂಗಡಿಗೆ ಕಳಿಸಿ, ದೂರ ನಿಂತು ನೋಡಿ. ಮಧ್ಯೆ ಬಾಯಿ ಹಾಕಬೇಡಿ. (ತಾಯಂದಿರಿಗೆ ಇದೇ ಕಷ್ಟ!)

2016ರ ಕಾಯ್ದೆ ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿರುವುದು 6ರಿಂದ 18 ವರ್ಷದವರೆಗೆ. ಈ ಹುಡುಗನಿಗೆ ಆಗಲೇ 15.

ಮೊನ್ನೆ ಬೆಳಿಗ್ಗೆ ಜಿಪ್ಪು ಎಳೆಯಲು ಹೋದವನು ನಿಂತು, "ಅಮ್ಮಾ, ಡಬ್ಬಿ ಎಲ್ಲಿ?" ಅಂದನಂತೆ. ಅಮ್ಮನೇ ಮರೆತಿದ್ದರು.